ಆಯಿಯ ಹೆಬ್ಬೆರಳಿನ ಗುರುತು

ಶಹಾಪುರದ ಬಸ್ ನಿಲ್ದಾಣದ ಎದುರಿನ ಬೇಕರಿಯಿಂದ ಬೆಣ್ಣೆ ಬಿಸ್ಕಿಟಿನ ವಾಸನೆ ಬಂದರೆ ಉಳಿದವರ ಬಾಯಲ್ಲಿ ನೀರೂರುತ್ತದೆ, ನನಗೆ ಮೈಯೆಲ್ಲ ಉರಿಯುತ್ತದೆ. ನನಗೀಗ ಹದಿನಾರು, ಈ ಸಿಟ್ಟಿಗೆ ಎಂಟು. ಇದಕ್ಕೆಲ್ಲ ಕಾರಣ ನಮ್ಮ ಕಾಕಾ. ಅವನ ಮೀಸೆ ತಿಂಥಣಿಯಲ್ಲಿ ಒಂದು ತುದಿ, ಸುರಪುರದಲ್ಲಿ ಇನ್ನೊಂದು ತುದಿ ಎನ್ನುವಷ್ಟು ಉದ್ದ. ಕರುಳು ಮಾತ್ರ ಗೇಣುದ್ದವೂ ಇಲ್ಲ.

ಚಂದ್ರಿ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಎಮ್ಮೆ. ಅದರ ಬೆಣ್ಣೆ ಎಷ್ಟು ಗಟ್ಟಿಯೆಂದರೆ ಕದಿಯಲು ಬಂದ ಬೆಕ್ಕು ಹಲ್ಲು ಸಿಕ್ಕಿಸಿಕೊಂಡು ಕೂತಿತ್ತು, ಆಯಿಯೇ ಬಿಡಿಸಿ ಕಳಿಸಿದಳು. ನಂಬದವರು ಬೆಕ್ಕನ್ನೇ ಕೇಳಲಿ. ಬೆಣ್ಣೆ ಸಾಕಷ್ಟು ಕೂಡಿದಾಗ ಆಯಿ ಮೈದಾ, ಸಕ್ಕರೆ, ಏಲಕ್ಕಿ ಗಂಟು ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಶಹಾಪುರದ ಆ ಬೇಕರಿಯ ಒಲೆಗೆ, ನಮ್ಮ ಬಾಯಲ್ಲಿ ಭಟ್ಟಿಗೆ, ಹೋಗುತ್ತಿದ್ದಳು. ಅಲ್ಲಿ ಸಾಮಾನು ನಮ್ಮದು, ಬೆಂಕಿ ಭಟ್ಟಿಯವರದು. ಹೆಂಗಸರು ಸಾಲಾಗಿ ಕೂತು ಬೆಣ್ಣೆ, ಸಕ್ಕರೆಯನ್ನು ಪರಾತದಲ್ಲಿ ಅಂಗೈಯಿಂದ ತಿಕ್ಕುತ್ತಿದ್ದರು. ಒಂದು ಚಿಟಿಕೆ ನೀರಿಗೆ ಹಾಕಿದರೆ ತೇಲಬೇಕು. ಮುಳುಗಿದರೆ ಮತ್ತೆ ತಿಕ್ಕಬೇಕು. ಆಮೇಲೆ ಮೈದಾ ಕಲಸಿ, ಉಂಡೆ ಕಟ್ಟಿ, ತಗಡಿನ ಮೇಲಿಟ್ಟು, ಭಟ್ಟಿಯೊಳಗೆ ಅದಲುಬದಲಾಗದಂತೆ ಒಬ್ಬೊಬ್ಬರು ಒಂದೊಂದು ಗುರುತು ಒತ್ತುತ್ತಿದ್ದರು. ಒಬ್ಬಾಕೆ ಗುಂಡಿ ಒತ್ತಿದರೆ ಇನ್ನೊಬ್ಬಾಕೆ ಬಳೆಯ ಅಂಚು. ಆಯಿ ಹೆಬ್ಬೆರಳು ಒತ್ತುತ್ತಿದ್ದಳು. ಎಂದೋ ಕುಡುಗೋಲು ಸೀಳಿದ ಆ ಬೆರಳು ಬಿಸ್ಕಿಟಿನ ನಡುವೆ ಓರೆ ಗೆರೆ ಮೂಡಿಸುತ್ತಿತ್ತು.

ಕಾಲುವೆ ನೀರು ನಮ್ಮ ಹೊಲಕ್ಕೆ ಬಂದ ವರ್ಷ ಕಾಕಾ ಚಂದ್ರಿ ಮೇಯುತ್ತಿದ್ದ ಬೀಳು ನೆಲವನ್ನೆಲ್ಲ ಭತ್ತದ ಗದ್ದೆ ಮಾಡಿದ. ಒಂದು ದಿನ ಆಯಿಗೆ ಹೇಳಿದ, "ಯವ್ವಾ, ನಾಳೆ ಬೋನಾಳದಿಂದ ಮಂದಿ ನೋಡಾಕ ಬರ್ತಾರ. ಬಿಸ್ಕಿಟ್ ಮಾಡಿಸ್ಕೊಂಡು ಬಾ."

ಯಾರನ್ನು ನೋಡಲು ಎಂದು ಆಯಿ ಕೇಳಲಿಲ್ಲ. ಮದುವೆ ವಯಸ್ಸಿಗೆ ಬಂದವಳು ಕಾಕಾನ ತಂಗಿ ಶಾರದತ್ತಿ ಒಬ್ಬಳೇ. ಆಯಿ ಭಟ್ಟಿಗೆ ಓಡಿದಳು. ಅವಳು ಅಷ್ಟು ಹೊತ್ತು ಬೆಣ್ಣೆ ತಿಕ್ಕಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಮರುದಿನ ಮೂವರು ಬಂದರು. ರೇಷ್ಮೆ ಸೀರೆಯುಟ್ಟ ಶಾರದತ್ತಿ ತಲೆ ತಗ್ಗಿಸಿ ತಟ್ಟೆ ಹಿಡಿದಳು. ಬಂದವರಲ್ಲಿ ಹಿರಿಯ ಎರಡು ಬಿಸ್ಕಿಟನ್ನು ಒಟ್ಟಿಗೇ ಬಾಯಿಗೆ ಹಾಕಿದ.

"ಬೆಣ್ಣಿ ಭಾಳ ಘಮ್ಮ ಅದರಿ. ಮನಿದೇನ್ರಿ?"

"ಮನಿದೇರಿ. ಇಕಿನೇ ಕಡದಾಳ್ರಿ," ಎಂದಳು ಆಯಿ, ಮಗಳನ್ನು ತೋರಿಸಿ.

"ಕಡಿಯೋರು ಯಾರರ ಆಗ್ಲಿರಿ. ಎಮ್ಮಿ ಎಲ್ಲದ, ತೋರಸ್ರಿ."

ಶಾರದತ್ತಿ ತಟ್ಟೆ ಕೆಳಗಿಟ್ಟಳು. ಆಯಿ ಮಗನ ಕಡೆ ತಿರುಗಿದಳು. "ನೋಡಾಕ ಬರ್ತಾರ ಅಂದಿ?"

"ನೋಡಾಕನ ಬಂದಾರಲ್ಲ ಬೇ. ಮೇಯಾಕ ಹುಲ್ಲಿಲ್ಲ. ನನ್ನ ಭತ್ತ ಮೇಸ್ತೀಯೇನು ಅದಕ್ಕ?"

ಎಮ್ಮೆ ಮಾರುವುದಿಲ್ಲ ಎಂದು ಆಯಿ ಹೇಳಬಹುದಿತ್ತು. ಆದರೆ ನಮ್ಮಲ್ಲಿ ಬಾಯಿ ಸಿಹಿ ಮಾಡಿಸಿದ ಮೇಲೆ ಮಾತು ಮುಗಿದಂತೆ. ಬಾಯಿ ಸಿಹಿ ಮಾಡಿಸಿದವಳು ಅವಳೇ, ಚಂದ್ರಿಯ ಬೆಣ್ಣೆಯಿಂದಲೇ. ಹಗ್ಗ ಕೈ ಬದಲಾಗುವಾಗ ತಟ್ಟೆಯಲ್ಲಿ ಉಳಿದದ್ದನ್ನು ಅಂಗೈಯಲ್ಲಿ ಹಿಡಿದು ಎಮ್ಮೆಗೆ ತಿನ್ನಿಸಿದಳು.

"ನನಗಿಂತ ಅದರ ಕೋಡು ಚೊಲೊ ಅದಾವ, ಬಿಡು," ಎಂದು ಶಾರದತ್ತಿ ನಕ್ಕು, ಸೀರೆ ಬದಲಿಸಲು ಒಳಗೆ ಹೋದವಳು ಸಂಜೆಯವರೆಗೂ ಹೊರಬರಲಿಲ್ಲ. ಆಯಿ ಮತ್ತೆ ಭಟ್ಟಿಯ ಮೆಟ್ಟಿಲು ಹತ್ತಲಿಲ್ಲ. ಹೋದ ವರ್ಷ ತೀರಿಕೊಂಡಳು.

ಮೊನ್ನೆ ನಾನೇ ಪಾಕೀಟಿನ ಬೆಣ್ಣೆ ತಂದು ತಿಕ್ಕಿದೆ. ತೇಲಿತು. ಉಂಡೆಗಳಿಗೆ ಹೆಬ್ಬೆರಳು ಒತ್ತಿ ಭಟ್ಟಿಯಲ್ಲಿ ಬೇಯಿಸಿಕೊಂಡು ಬಂದೆ. ಕಾಕಾ ನಾಲ್ಕು ಬಿಸ್ಕಿಟ್ ನುಂಗಿ, "ಯವ್ವನ ಕೈದಂಗ ಆಗಿಲ್ಲ ನೋಡು," ಎಂದ.

"ಆಕಿ ಎಮ್ಮಿ ಹೊಳ್ಳಿ ತೊಗೊಂಡು ಬಾ ಕಾಕಾ, ಆಗ್ತದ."

ಅವನು ಮೀಸೆ ಒರೆಸಿಕೊಂಡು ಗದ್ದೆಗೆ ಹೋದ. ನಾನು ಡಬ್ಬಿ ಮುಚ್ಚುವ ಮೊದಲು ಒಂದನ್ನು ತೆಗೆದು ನೋಡಿದೆ. ನನ್ನ ಹೆಬ್ಬೆರಳಿನ ಗುರುತು ಓರೆ ಗೆರೆಯಿಲ್ಲದೆ ನುಣ್ಣಗೆ ಮೂಡಿತ್ತು, ಯಾರದಾದರೂ ಆಗಬಹುದಿತ್ತು.