ಲಕ್ಷ್ಮೀಶರ ನಿಧಾನದ ನಾಟಕ

ನಮ್ಮ ಮೇಲಿನ ಫ್ಲ್ಯಾಟಿನ ಲಕ್ಷ್ಮೀಶ ಅವರು ಕುಡಿಯುವ ನೀರಿನ ಯೋಜನೆಗಳ ಎಂಜಿನಿಯರು. ಮೊಂಬಾಸಾದ ರೈಲು ಬರುವ ನಮ್ಮ ಊರಿನ ಈ ಪಾರ್ಕ್‌ಲ್ಯಾಂಡ್ಸ್ ಬಡಾವಣೆಗೆ ಬರುವ ಮೊದಲು ಕೆಲವು ವರ್ಷ ಜಪಾನಿನ ಕ್ಯೋಟೋದಲ್ಲಿದ್ದರು. ಬೇರೆಯವರು ಅಲ್ಲಿಂದ ಕ್ಯಾಮೆರಾ ತಂದರೆ ಇವರು ‘ನೋ’ ಎಂಬ ಹಳೆಯ ನಾಟಕದ ಗೀಳು ಹತ್ತಿಸಿಕೊಂಡು ಬಂದರು. ಅದರಲ್ಲಿ ಹೆಚ್ಚಾಗಿ ದಾರಿಹೋಕ ಸನ್ಯಾಸಿಗೆ ಸತ್ತವರ ಆತ್ಮ ಎದುರಾಗುತ್ತದೆ, ತನ್ನ ಸಂಕಟ ಹೇಳಿಕೊಂಡು ಕುಣಿಯುತ್ತದೆ. ಮುಖವಾಡ ತೊಟ್ಟ ಪಾತ್ರಧಾರಿ ರಂಗದ ಮಧ್ಯಕ್ಕೆ ಬರುವಷ್ಟರಲ್ಲಿ ಸೌತ್ ಬಿ ಬಡಾವಣೆಗೆ ಹೋದ ಮಟಾಟು ವ್ಯಾನು ವಾಪಸು ಬಂದಿರುತ್ತದೆ!

ಅಂಥ ನಾಟಕಗಳನ್ನು ಅವರು ಕನ್ನಡದಲ್ಲಿ ಬರೆಯುತ್ತಿದ್ದರು. ಕಾಫಿ ಆರಿಹೋದರೂ ಒಂದೇ ಸಾಲನ್ನು ಗುನುಗುತ್ತ ಕೂರುವರು. ಕೇಳುವವರು ಹೆಂಡತಿ ಮೈಥಿಲಿ ಒಬ್ಬರೇ. ಕಡೆಗೆ ೨೦೧೬ರ ರಾಜ್ಯೋತ್ಸವಕ್ಕೆ, ಕನ್ನಡ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿಯಾದ ನಾನು ಹಟ ಹಿಡಿದು ಊಟಕ್ಕೆ ಮೊದಲಿನ ಹೊತ್ತನ್ನು ಅವರಿಗೆ ಕೊಡಿಸಿದೆ.

“ಜನ ಮಧ್ಯದಲ್ಲೇ ಎದ್ದು ಹೋದ್ರೆ ನಾನಿನ್ನು ಬರೆಯಲ್ಲ,” ಅಂದರು ಲಕ್ಷ್ಮೀಶ. ಸುಮ್ಮನೆ ಆಡಿದ ಮಾತಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು.

ಮೈಥಿಲಿ ನನ್ನ ಕೈ ಹಿಡಿದುಕೊಂಡರು. “ಊರ್ಮಿಳಾ, ಬರೆಯೋದು ಸ್ಟಾಪ್ ಮಾಡಿದ್ರೆ ಈ ಮನುಷ್ಯ ಒಳಗೇ ಕೊರಗಿಬಿಡ್ತಾರೆ. ನಂಗೆ ಭಯ ಆಗ್ತಿದೆ ಕಣ್ರಿ.”

ನಾಟಕ ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಿಂದ ಮೊಂಬಾಸಾ ರೈಲುಹಳಿ ಹಾಕಲು ಬಂದು ಇಲ್ಲೇ ಸತ್ತ ಕೂಲಿಯೊಬ್ಬನ ಆತ್ಮದ ಕಥೆ. ಬ್ಯಾಂಕಿನ ತ್ರಿವಿಕ್ರಮ ಆ ಆತ್ಮದ ಪಾತ್ರಧಾರಿ. ಈ ಆಟಕ್ಕೆ ರಂಗದ ಮೂಲೆಗಳಲ್ಲಿ ಕಂಬ ಬೇಕೇ ಬೇಕು. ಮುಖವಾಡದ ಕಣ್ಣಿನ ತೂತು ಕಡಲೆಕಾಳಿನಷ್ಟು. ಮುಂದಿನ ಮೂಲೆಯ ಕಂಬದ ಗುರುತಿನಿಂದಲೇ ಪಾತ್ರಧಾರಿ ತಾನೆಲ್ಲಿದ್ದೇನೆಂದು ತಿಳಿಯಬೇಕು. ಲಕ್ಷ್ಮೀಶ ಪಕ್ಕದ ಪಂಗಾನಿ ಬಡಾವಣೆಯ ಬಡಗಿಯಿಂದ ಕಂಬ ಮಾಡಿಸಿ ನಿಲ್ಲಿಸಿದ್ದರು. ಅಲಂಕಾರ ನೋಡಿಕೊಳ್ಳುತ್ತಿದ್ದ ಗಂಗಾಧರ, ಮಕ್ಕಳ ಡ್ಯಾನ್ಸಿನ ವಿಡಿಯೋಕ್ಕೆ ಅಡ್ಡ ಬರುತ್ತದೆಂದು ಆ ಮುಂದಿನ ಕಂಬವನ್ನೇ ಕಿತ್ತು ಹೊರಗಿಟ್ಟು, ಆಮೇಲೆ ಮರೆತೇಬಿಟ್ಟರು.

ಪಾತ್ರಧಾರಿಯ ನೆರವಿಗೆ ಒಬ್ಬರು ಕಪ್ಪು ಬಟ್ಟೆ ತೊಟ್ಟು ರಂಗದ ಮೇಲೇ ಹಿಂದೆ ಕೂತಿರುವುದು ‘ನೋ’ ಪದ್ಧತಿ. ಲಕ್ಷ್ಮೀಶರೇ ಅಲ್ಲಿ ಕೂತಿದ್ದರು. ತ್ರಿವಿಕ್ರಮ ಕುಣಿಯುತ್ತ ಮುಂದೆ ಬಂದ. ಮುಖವಾಡ ಆ ಕಡೆ ಈ ಕಡೆ ಅಲುಗಿತು. ಕಂಬ ಹುಡುಕುತ್ತಿದ್ದಾನೆ! ವೇದಿಕೆ ಎದೆಯೆತ್ತರದ್ದು, ಅಂಚು ಹತ್ತಿರವೇ ಇತ್ತು. ಕೂಗಿದರೆ ನಾಟಕ ಕೆಟ್ಟಿತು, ಸುಮ್ಮನಿದ್ದರೆ ಅವನ ಕಾಲು ಮುರಿಯಿತು. ನನ್ನ ಜೀವ ಬಾಯಿಗೆ ಬಂತು.

ಲಕ್ಷ್ಮೀಶ ಎದ್ದರು. ಸದ್ದಿಲ್ಲದೆ ನಡೆದು ಬಂದು, ಕಂಬವಿರಬೇಕಾದ ಮೂಲೆಯಲ್ಲಿ ನಮಗೆ ಬೆನ್ನು ಮಾಡಿ ನೆಟ್ಟಗೆ ನಿಂತುಬಿಟ್ಟರು. ಮುಖವಾಡ ಆ ಕಪ್ಪು ಆಕಾರದತ್ತ ತಿರುಗಿತು. ತ್ರಿವಿಕ್ರಮನ ಹೆಜ್ಜೆ ನಿಂತಿತು, ಆಮೇಲೆ ನಿಧಾನವಾಗಿ ಪಕ್ಕಕ್ಕೆ ಹೊರಳಿತು. ನನಗೆ ಹೋದ ಜೀವ ಬಂದಂತಾಯಿತು.

“ಅಮ್ಮಾ, ಈಸ್ ಹಿ ಆಲ್ಸೋ ಅ ಗೋಸ್ಟ್?” ಎಂದು ಹಿಂದಿನ ಸಾಲಿನ ಮಗು ಕೇಳಿತು. “ಹೂಂ, ಇರಬೇಕು. ಸುಮ್ನೆ ನೋಡು,” ಅಂದರು ತಾಯಿ. ಲಕ್ಷ್ಮೀಶ ಮಾತ್ರ ಆಟ ಮುಗಿಯುವವರೆಗೂ ಅಲುಗಲಿಲ್ಲ.

ಪರದೆ ಬಿದ್ದ ಮೇಲೆ ನಾನೂ ಮೈಥಿಲಿಯೂ ವೇದಿಕೆಯ ಹಿಂದೆ ಹೋದರೆ, ಲಕ್ಷ್ಮೀಶ ಕಪ್ಪು ಬಟ್ಟೆಯಲ್ಲೇ ಎದುರು ಬಂದರು. “ಮೈಥಿಲಿ, ಎಷ್ಟು ಜನ ಎದ್ದು ಹೋದ್ರು? ನಂಗೇನೂ ಕಾಣಿಸ್ಲಿಲ್ಲ.”

“ಒಬ್ರೂ ಹೋಗ್ಲಿಲ್ಲ ರೀ. ಬಿಸಿಬೇಳೆಬಾತ್ ವಾಸನೆ ಬಂದ್ರೂ ಯಾರೂ ಏಳ್ಲಿಲ್ಲ.”

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಷ್ಟರಲ್ಲಿ ಗಂಗಾಧರ ಓಡಿ ಬಂದರು. “ಸಾರ್, ಆ ಕಂಬದ ರೋಲ್ ಸೂಪರ್! ಸ್ಕ್ರಿಪ್ಟಲ್ಲೇ ಇತ್ತಾ?”

ಲಕ್ಷ್ಮೀಶರಿಗೆ ನಗು ತಡೆಯಲಾಗಲಿಲ್ಲ. “ನೋಡಿ ಗಂಗಾಧರ್, ಮುಂದಿನ ನಾಟಕದಲ್ಲಿ ನೀವು ಕಂಬ ಮುಟ್ಟಲೇಬಾರ್ದು.”

ಮುಂದಿನ ನಾಟಕ ಎಂಬ ಮಾತು ಕಿವಿಗೆ ಬಿದ್ದದ್ದೇ, ಮೈಥಿಲಿ ನನ್ನ ಹೆಗಲಿಗೆ ತಲೆಯಿಟ್ಟು ಗಳಗಳನೆ ಅತ್ತುಬಿಟ್ಟರು.