ವಿಮಾನ ಹತ್ತಿದ ಕೈಗುಣ

ಕಡೂರಿನ ನಮ್ಮ ಪುಟ್ಟ ಆಸ್ಪತ್ರೆಗೆ ವಿದೇಶದ ಒಂದು ದೊಡ್ಡ ಆಸ್ಪತ್ರೆಯ ಜೊತೆ ಒಡನಾಟವಿದೆ. ಆಗಾಗ ಅಲ್ಲಿಂದ ಯಾರಾದರೂ ಬಂದು ಸಂಬಳವಿಲ್ಲದೆ ಕೆಲಸ ಮಾಡಿ ಹೋಗುತ್ತಾರೆ. ಹೋದ ಸಲ ಬಂದವಳು ನನ್ನ ಹಾಗೆಯೇ ನರ್ಸು. ಒಳ್ಳೆಯವಳು. ಕೆಟ್ಟವಳಾಗಿದ್ದರೆ ನನಗೆ ಇಷ್ಟು ಸಂಕಟವಿರುತ್ತಿರಲಿಲ್ಲ, ಬಾಯಿ ತುಂಬ ಬೈದು ಸುಮ್ಮನಾಗುತ್ತಿದ್ದೆ.

ಯಗಟಿ ಕಡೆಯಿಂದ ಒಬ್ಬ ಅಕ್ಕ ಬರುತ್ತಿದ್ದರು. ತೆಂಗಿನಕಾಯಿ ಸುಲಿಯುವ ಕೆಲಸ, ಜೊತೆಗೆ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಆದ ಹುಣ್ಣು ಮಾಯುತ್ತಲೇ ಇರಲಿಲ್ಲ. ವಿದೇಶದಿಂದ ಬಂದಾಕೆ ಆ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತೊಳೆದು, ತನ್ನೂರಿಂದ ತಂದ ಪಟ್ಟಿ ಕಟ್ಟುತ್ತಿದ್ದಳು.

"ನಾನು ಕಟ್ಟುತ್ತೇನೆ, ನೀವು ಪಕ್ಕದಲ್ಲಿದ್ದು ಹೇಳಿಕೊಡಿ" ಎಂದು ಎಷ್ಟೋ ಸಲ ಕೇಳಿದೆ.

"ಇಷ್ಟು ದೂರ ಬಂದಿರುವುದೇ ಕೆಲಸ ಮಾಡಲಿಕ್ಕೆ, ನೀವು ಸ್ವಲ್ಪ ಸುಧಾರಿಸಿಕೊಳ್ಳಿ" ಎಂದು ನಗುತ್ತಿದ್ದಳು. ಟ್ರೇ ಹಿಡಿದು ನಿಲ್ಲುವುದು ನನ್ನ ಪಾಲಿಗೆ ಬಂತು. ಹುಣ್ಣು ಆರತೊಡಗಿತು.

"ಆ ಯಮ್ಮಂದು ಕೈಗುಣ ಕಣ್ರೀ ಸಿಸ್ಟ್ರೇ" ಎಂದರು ಅಕ್ಕ.

ನಮ್ಮ ಕಡೆ ಈ ಮಾತು ಒಮ್ಮೆ ಹುಟ್ಟಿತೆಂದರೆ ಮುಗಿಯಿತು. ಓದು, ಔಷಧಿ ಎಲ್ಲ ಆಮೇಲೆ. ಮೊದಲು ಕೈ ಆಗಿಬರಬೇಕು. ಅಕ್ಕನ ಮೊಮ್ಮಗುವನ್ನು ಹೆರಿಗೆಯಲ್ಲಿ ಹಿಡಿದದ್ದು ಇದೇ ನನ್ನ ಕೈ. ಅದೂ ಮರೆತುಹೋಯಿತು.

ಆಕೆ ಇಲ್ಲಿರಬೇಕಾದ ದಿನಗಳು ಮುಗಿದವು, ಹಾರ ಹಾಕಿ ಅವಳೂರಿಗೆ ಕಳಿಸಿದೆವು. ಆಮೇಲೆ ಅಕ್ಕನ ಸುಳಿವಿಲ್ಲ. ಫೋನ್ ಮಾಡಿದರೆ "ನಾಳೆ ಬತ್ತೀನಿ" ಅನ್ನುವುದು. ಮನಸ್ಸು ತಡೆಯದೆ ಬಸ್ ಹತ್ತಿ ಮನೆಗೇ ಹೋದೆ. ಆಕೆ ಕಟ್ಟಿದ್ದ ಕೊನೆಯ ಪಟ್ಟಿಯನ್ನು ಬಿಚ್ಚಿಯೇ ಇರಲಿಲ್ಲ. ವಾಸನೆ ಬಾಗಿಲಿಗೇ ಬಂತು.

"ಅಕ್ಕಾ, ಕೊಳೀತಿದೆ. ಬಿಚ್ಚೋಕೆ ಬಿಡಿ."

"ಮುಟ್ಬ್ಯಾಡಿ ಸಿಸ್ಟ್ರೇ. ಬ್ಯಾಸ್ರ ಮಾಡ್ಕಬ್ಯಾಡಿ, ನಿಮ್ ಕೈ ನಂಗೆ ಆಗ್ಬರಾಕಿಲ್ಲ. ಆ ಯಮ್ಮ ಬರೋಗಂಟ ಇಂಗೇ ಇರ್ಲಿ."

"ಅವ್ರು ವಿಮಾನ ಹತ್ತಿ ಹೋಗಿಬಿಟ್ರಲ್ಲ!"

"ಬತ್ತಾರೆ ಬಿಡಿ."

ಬೇಡಿಕೊಂಡೆ, ಗದರಿದೆ, ಕೊನೆಗೆ ಅವರ ಜಗಲಿಯ ಮೇಲೆ ಕೂತು ಅತ್ತೂ ಬಿಟ್ಟೆ. ಕಾಲು ಅವರದು, ಒಲ್ಲೆ ಎಂದವರನ್ನು ಎಳೆದು ಕಟ್ಟಲಾಗುತ್ತದೆಯೇ? ಅವರು ಒಪ್ಪಿ ಆಂಬ್ಯುಲೆನ್ಸ್ ಹತ್ತಲು ಜ್ವರ ನೆತ್ತಿಗೇರಬೇಕಾಯಿತು. ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ಈಗ ಮತ್ತೊಂದು ತಂಡ ಬರುತ್ತಿದೆ. ಏನು ಸಾಮಾನು ತರಬೇಕು ಎಂದು ಕೇಳಿದ್ದಾರೆ. ಏನೂ ಬೇಡ, ನನ್ನ ಪಕ್ಕದಲ್ಲಿ ನಿಲ್ಲಿ, ಗೊತ್ತಿರುವುದನ್ನು ನನಗೆ ಹೇಳಿಕೊಡಿ, ರೋಗಿಗಳು ನನ್ನ ಕೈ ನೋಡಲಿ, ನೀವು ಹೋದ ಮೇಲೆ ಇಲ್ಲಿ ಉಳಿಯುವುದು ಇದೇ ಎಂದು ಸಿಟ್ಟಿನಲ್ಲೇ ಬರೆದೆ. ಬರೆದು ಏನು ಬಂತು? ಹೋದ ಕಾಲು ಬರುತ್ತದೆಯೇ?

ನಿನ್ನೆ ಅಕ್ಕ ಪಟ್ಟಿ ಬದಲಿಸಿಕೊಳ್ಳಲು ಬಂದಿದ್ದರು. ತಂಡದ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಆ ಯಮ್ಮನೂ ಬತ್ತಾರಾ? ನನ್ ಕಾಲಿನ್ ವಿಷ್ಯ ಹೇಳ್ಬ್ಯಾಡಿ ಸಿಸ್ಟ್ರೇ. ಪಾಪ, ನೊಂದ್ಕತಾರೆ."

ಗ್ಲೌಸ್ ಹಾಕಿಕೊಂಡು, ಮುಟ್ಟಲಾ ಎಂದು ಕೇಳಿದೆ. ಅಕ್ಕ ಮೋಟುಗಾಲನ್ನು ನನ್ನತ್ತ ಚಾಚಿದರು.

"ಬಿಚ್ಚಿ ಸಿಸ್ಟ್ರೇ. ಇನ್ ಯಾರ್ ಕೈಯಾದ್ರೇನು."