ಮಹಡಿ ಮನೆಯ ಅಯ್ಯಗಾರು

ಆದೋನಿಯ ನಮ್ಮ ಮನೆಯ ಮಹಡಿಯ ಮೇಲೊಂದು ಕೋಣೆ ಇದೆ. ಅದನ್ನು ಬಾಡಿಗೆಗೆ ಕೇಳಿಕೊಂಡು ಯಾರೇ ಬರಲಿ, ನಮ್ಮ ಅತ್ತೆಯ ಮೊದಲ ಪ್ರಶ್ನೆ, "ನಿಮ್ಮ ಮನಿ ದೇವರು ಯಾರು?" ಮುಖದ ಮೇಲೆ ಜಾತಿ ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬುದು ಅವರ ಅಭಿಪ್ರಾಯ. ದೇವರ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ತಿಳಿದುಕೊಳ್ಳುತ್ತಾರೆ.

ಕೌತಾಳಂ ಕಡೆಯ ನರ್ಸ್ ಹುಡುಗಿ ಬಂದಾಗಲೂ ಅದನ್ನೇ ಕೇಳಿದರು. ಅವಳು ಮುಚ್ಚುಮರೆಯಿಲ್ಲದೆ, "ಯೇಸಯ್ಯ ರೀ" ಎಂದಳು. ಅತ್ತೆಯ ಕಿವಿ ಸ್ವಲ್ಪ ಮಂದ. ಅವರಿಗೆ ಕೇಳಿಸಿದ್ದು ಈಶಯ್ಯ.

"ಈಶಯ್ಯ ಅಂದ್ರ ನಮ್ಮ ಶಿವನ ಅಲ್ಲೇನು! ನಮ್ಮ ಮಂದೀನ ಅದಾಳ ಬಿಡು," ಎಂದು ನನ್ನ ಕಿವಿಯಲ್ಲಿ ಹೇಳಿ, ಕೋಣೆ ಕೊಟ್ಟೇಬಿಟ್ಟರು.

ನನಗೆ ಸರಿಯಾಗಿಯೇ ಕೇಳಿಸಿತ್ತು, ಅವಳು ಹೇಳಿದ್ದು ಯೇಸುವಿನ ಹೆಸರು. ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದೆ. ನಾನು ಬಳ್ಳಾರಿಯಿಂದ ಈ ಹತ್ತಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವಳು. ಇಲ್ಲಿ ಬೆಳಗಾದರೆ ಹತ್ತಿಯ ರೇಟು, ರಾತ್ರಿಯಾದರೆ ಹತ್ತಿಯ ರೇಟು. ನಗುವುದಕ್ಕೆ ತಾನಾಗಿ ಸಿಕ್ಕ ಅವಕಾಶವನ್ನು ಬಿಟ್ಟುಕೊಡುವಷ್ಟು ಒಳ್ಳೆಯವಳಂತೂ ನಾನಲ್ಲ. ಆ ಹುಡುಗಿಗೋ, ಅತ್ತೆ ದೊಡ್ಡ ಮನಸ್ಸಿನವರು ಎಂಬ ನಂಬಿಕೆ. ಬೇರೆ ಮನೆಗಳಲ್ಲಿ ಆ ಹೆಸರು ಹೇಳುತ್ತಿದ್ದ ಹಾಗೆಯೇ ಕೋಣೆ ಖಾಲಿ ಇಲ್ಲ ಅಂದಿದ್ದರಂತೆ. ಈ ಕೋಣೆಯೂ ಹೋದರೆ ದಿನಾ ಬಸ್ಸಿನಲ್ಲಿ ಊರಿಂದ ಓಡಾಡಬೇಕು, ರಾತ್ರಿ ಡ್ಯೂಟಿ ಬಿದ್ದರೆ ಕೆಲಸವನ್ನೇ ಬಿಡಬೇಕು ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಳು. ಅದನ್ನು ಕೇಳಿದ ಮೇಲೆ ನಾನು ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡೆ.

ಅತ್ತೆಗೆ ಶುಗರ್. ಕಾಲಿನ ಹೆಬ್ಬೆರಳ ಪಕ್ಕದ ಹುಣ್ಣು ಮಾಯುತ್ತಲೇ ಇರಲಿಲ್ಲ. ನರ್ಸ್ ಹುಡುಗಿ ಅದನ್ನು ನೋಡಿದ್ದೇ ತಡ, ಡ್ಯೂಟಿಗೆ ಹೋಗುವ ಮುಂಚೆ ದಿನಾ ಬಂದು ನೆಲದ ಮೇಲೆ ಕೂತು, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದು ಪಟ್ಟಿ ಕಟ್ಟತೊಡಗಿದಳು. ಅತ್ತೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು, "ಶಿವಭಕ್ತರ ಮನಿ ಹುಡುಗಿ ನೋಡ್ರಿ, ಸಂಸ್ಕಾರ ಅಂದ್ರ ಇದು!" ನಾನು ಹೌದ್ಹೌದು ಎಂದು ತಲೆಯಾಡಿಸುತ್ತಿದ್ದೆ.

ಒಂದು ದಿನ ಅವಳು ಡ್ಯೂಟಿಗೆ ಹೊರಡುತ್ತ, "ಅಮ್ಮಾರೇ, ಸಂಜೀಕ ಪ್ರಾರ್ಥನಾ ಮಾಡಾಕ ನಮ್ಮ ಅಯ್ಯಗಾರು ಬರ್ತಾರ್ರಿ. ನಾ ಬರೂದು ತಡ ಆದ್ರ ಕುಂದರಸ್ರಿ," ಎಂದಳು. ತೆಲುಗು ಚರ್ಚಿನವರು ಪಾಸ್ಟರನ್ನು ಕರೆಯುವುದು ಅಯ್ಯಗಾರು ಅಂತಲೇ. ನಮ್ಮಂಥ ಶೈವರ ಮನೆಯಲ್ಲಿ ಅಯ್ಯ ಎಂದರೆ ಜಂಗಮರು. ಅತ್ತೆ ಪ್ರಾರ್ಥನೆಯನ್ನು ಬಿಟ್ಟು ಅಯ್ಯನನ್ನು ಮಾತ್ರ ಹಿಡಿದುಕೊಂಡರು. ಅಂಗಳ ತೊಳೆಸಿದರು, ಮಣೆ ಹಾಕಿಸಿದರು, ಹಿತ್ತಾಳೆಯ ತಾಟು, ತಂಬಿಗೆ ತೆಗೆಸಿದರು.

ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿಕೊಂಡ, ಬಸ್ಸಿನ ಧೂಳು ಮೆತ್ತಿದ ಒಬ್ಬ ಸಾಧು ಮನುಷ್ಯ ಬಂದರು. ಅತ್ತೆಯ ಕಣ್ಣಿಗೆ ಪೊರೆ ಬೇರೆ. ಆದರೂ ನನ್ನ ಕಿವಿಯಲ್ಲಿ, "ಹಣಿ ಮ್ಯಾಲ ವಿಭೂತಿನ ಇಲ್ಲಲ್ಲೇ?" ಎಂದರು.

"ಬಿಸಲೈತಲ್ರೀ ಅತ್ತಿ, ಬೆವರಿಗೆ ಹೋಗಿರಬೇಕು," ಎಂದೆ.

ಅವರನ್ನು ಮಣೆಯ ಮೇಲೆ ಕೂರಿಸಿ, ಕಾಲನ್ನು ತಾಟಿನಲ್ಲಿಡಿಸಿ, ಅತ್ತೆ ನೀರು ಹುಯ್ಯತೊಡಗಿದರು. ಪಾಸ್ಟರು ಬೆಂಕಿ ತುಳಿದವರ ಹಾಗೆ ಕಾಲೆತ್ತಿ, "ವದ್ದಮ್ಮಾ, ವದ್ದು!" ಎಂದು ತೆಲುಗಿನಲ್ಲಿ ಬೇಡಿಕೊಂಡರು. "ಎಷ್ಟು ವಿನಯ ನೋಡು ಅಯ್ಯನೋರಿಗೆ," ಎಂದು ಅತ್ತೆ ಆ ಕಾಲನ್ನು ಮತ್ತೆ ಹಿಡಿದು ತಾಟಿಗೆ ಎಳೆದರು. ಅವರು ಎತ್ತುವುದು, ಇವರು ಎಳೆಯುವುದು. ನನಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು. ಆಮೇಲೆ ಅತ್ತೆ ತಾಟಿನ ನೀರನ್ನು ಬೊಗಸೆಯಲ್ಲಿ ತುಂಬಿಕೊಂಡು ಪಾದೋದಕವೆಂದು ಬಾಯಿಗೆ ಒಯ್ದರು. ಆಗ ನನ್ನ ನಗು ನಿಂತಿತು.

ಅಷ್ಟರಲ್ಲಿ ನರ್ಸ್ ಹುಡುಗಿ ಬಾಗಿಲಿಗೆ ಬಂದಳು. "ಅಮ್ಮಾರೇ, ಕುಡೀಬ್ಯಾಡ್ರಿ! ಲೂಸ್ ಮೋಷನ್ ಆಗ್ತಾವ!" ಎಂದು ಕೂಗಿದಳು. ಅಷ್ಟಕ್ಕೇ ಸುಮ್ಮನಾಗಿದ್ದರೆ ಅವಳ ಕೋಣೆ ಉಳಿಯುತ್ತಿತ್ತು. ಆದರೆ ಹತ್ತಿರ ಬಂದು, ಅತ್ತೆಯ ಬೊಗಸೆ ಬಿಡಿಸಿ, "ಇವರು ನಿಮ್ಮ ಅಯ್ಯನೋರಲ್ರಿ. ನಮ್ಮ ಚರ್ಚಿನ ಅಯ್ಯಗಾರು. ನಾವು ಯೇಸಯ್ಯನ ಮಂದಿ ರೀ," ಎಂದು ಬಿಡಿಸಿ ಬಿಡಿಸಿ ಹೇಳಿದಳು. ಈ ಸಲ ಅತ್ತೆಗೆ ಸರಿಯಾಗಿ ಕೇಳಿಸಿತು.

ಅವರು ಒಳಗೆ ಹೋಗಿ ಸ್ನಾನ ಮಾಡಿ ಬಂದು, ಮಹಡಿಗೆ ಕೇಳುವ ಹಾಗೆ ನನಗೆ ಹೇಳಿದರು: "ಕೋಣಿ ಖಾಲಿ ಮಾಡಂತ ಹೇಳು ಆಕೀಗೆ."

ಮರುದಿನದಿಂದ ಕಾಲು ಮುಟ್ಟಗೊಡಲಿಲ್ಲ. ಹಳೆಯ ಸೀರೆಯ ಚೂರಿನಿಂದ ತಾವೇ ಕಟ್ಟಿಕೊಂಡರು. ನಾನು ಕಟ್ಟಲು ಹೋದರೆ ಆ ಹುಣ್ಣು ನೋಡಲಾರದೆ ಕಣ್ಣು ಮುಚ್ಚಿಕೊಂಡು ಪಕ್ಕದ ಬೆರಳಿಗೆ ಕಟ್ಟಿ ಬೈಸಿಕೊಂಡೆ. ಕಾಲು ಬಾತುಕೊಂಡಿತು, ವಾಸನೆ ಬರತೊಡಗಿತು. ನಿಜಕ್ಕೂ ನನಗೆ ಹೆದರಿಕೆಯಾಯಿತು. ಡಾಕ್ಟರ ಹತ್ತಿರ ಹೋಗೋಣವೆಂದರೆ ಅತ್ತೆ ಒಪ್ಪಲಿಲ್ಲ.

ನರ್ಸ್ ಹುಡುಗಿ ಸಾಮಾನು ಕಟ್ಟಿಕೊಂಡು, ಬೀಗದ ಕೈ ಕೊಡಲು ಕೆಳಗೆ ಬಂದಳು. ಕಾಲು ನೋಡಿದಳು. ಬೀಗದ ಕೈಯನ್ನು ನೆಲದ ಮೇಲಿಟ್ಟು, ಬಿಸಿನೀರಿನ ಬೋಗುಣಿ, ತಂಬಿಗೆ ತಂದು ಮುಂದೆ ಕೂತಳು. ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು. ಇವಳು ಏಳಲಿಲ್ಲ. ಒಬ್ಬರ ಹಟಕ್ಕಿಂತ ಒಬ್ಬರದು ಹೆಚ್ಚು.

ಕೊನೆಗೆ ಅತ್ತೆಯೇ ಬಾಯಿಬಿಟ್ಟರು. "ನಿಮ್ಮ ಅಯ್ಯ ಕಾಲು ತೊಳಿಯಾಕ ಹೋದ್ರ ಯಾಕ ಹಂಗ ಜಿಗಿದಾಡಿದ?"

"ನಮ್ಮಲ್ಲಿ ತೊಳದಾಂವ ದೇವರ ರೀ. ಅದಕ್ಕ ಅವರಿಗೆ ಸಂಕೋಚ ಆತು."

"ದೇವರು ತೊಳದನ? ಯಾರ ಕಾಲು?"

"ತನ್ನ ಶಿಷ್ಯರದು. ಮೀನು ಹಿಡಿಯೋ ಮಂದಿ ರೀ."

"ಅವರು ಸುಮ್ಮನ ಕುಂತ್ರೇನು?"

"ಒಬ್ಬಾಂವ ಬ್ಯಾಡಂದ. ನೀ ದೊಡ್ಡಾಂವ, ನನ್ನ ಕಾಲು ಮುಟ್ಟಬ್ಯಾಡ ಅಂದ."

"ಬರೋಬ್ಬರಿ ಅಂದಾನ," ಎಂದರು ಅತ್ತೆ. "ಅದಕ್ಕ ಇವ ಏನಂದ?"

"ತೊಳಿಸಿಕೊಳ್ಳಲಿಲ್ಲಂದ್ರ ನೀ ನನ್ನಾಂವ ಅಲ್ಲ ಅಂದ."

"ಬರೇ ಮಾತಾಡಿದನೋ, ತೊಳದನೋ?"

"ತೊಳದ ರೀ. ಎಲ್ಲಾರದೂ ತೊಳದ. ಅವನ್ನ ಹಿಡಕೊಡಾಂವ ಒಬ್ಬ ಅಲ್ಲೇ ಕುಂತಿದ್ದ. ಅವಂದೂ ತೊಳದ."

"ಇಂಥಾಂವ ಅಂತ ಗೊತ್ತಿದ್ದಿಲ್ಲೇನು?"

"ಗೊತ್ತಿತ್ರಿ. ಗೊತ್ತಿದ್ದೂ ತೊಳದ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಎಲ್ಲದಕ್ಕೂ ನಗುವ ನನಗೆ ಆಗ ಅಳು ಬಂತು.

ಅತ್ತೆಯ ದನಿ ಸಣ್ಣಗಾಗಿತ್ತು. "ಮನಷ್ಯಾರ ಕೈಲಿ ಆಗಂಗಿಲ್ಲವಾ ಅದು. ಅವ ದೇವರ ಇರಬೇಕು."

ಆಮೇಲೆ ನರಳುತ್ತ ಕಾಲನ್ನು ಮುಂದಕ್ಕೆ ಚಾಚಿ ಅವಳ ತೊಡೆಯ ಮೇಲಿಟ್ಟರು. ಅವಳು ತಂಬಿಗೆ ಎತ್ತಿದಳು.

"ತಡಿ ತಡಿ," ಎಂದು ಗದರಿದರು ಅತ್ತೆ. "ಮೊದಲ ಆ ಬೀಗದ ಕೈ ತಗದು ನಿನ್ನ ಚೀಲದಾಗ ಇಟಗೋ. ನೀರು ಬಿದ್ದು ತುಕ್ಕು ಹಿಡೀತೈತಿ."